ಗ್ಯಾಸ್ ಒಲೆಯ ನಾಬ್ ತಿರುಗುತ್ತಿಲ್ಲವೇ? ಕಾಕ್ ರಿಪೇರಿ, ಬದಲಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು ಹನ್ನೆರಡು ವರ್ಷ ದುಡಿದ ಒಲೆ ಒಂದು ದಿನ ಹಟ ಹಿಡಿಯುತ್ತದೆ. ನಾಬ್ ಒತ್ತಿದರೆ ಒಳಗೆ ಹೋಗುವುದಿಲ್ಲ, ಹೋದರೂ ತಿರುಗುವುದಿಲ್ಲ. ಇಕ್ಕಳ ಹಾಕಿ ಜಗ್ಗುವುದು, ಸಂದಿಗೆ ಎಣ್ಣೆ ಬಿಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಎರಡೂ ಒಲೆಯನ್ನು ಕೆಡಿಸುತ್ತವೆ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಮನೆ ಒಲೆಗಳನ್ನೂ ಮಿರ್ಚಿ ಬಂಡಿಗಳ ಭಟ್ಟಿಯನ್ನೂ ಗಮನದಲ್ಲಿಟ್ಟು ಈ ಉತ್ತರಗಳನ್ನು ಬರೆದಿದ್ದೇವೆ.

ಒಲೆ ಉರಿಯುತ್ತಿದೆ, ನಾಬ್ ಆಫ್ ಆಗುತ್ತಿಲ್ಲ. ಈಗಲೇ ಏನು ಮಾಡಬೇಕು?

ನಾಬ್ ಬಿಡಿ, ಸಿಲಿಂಡರ್ ಕಡೆ ಹೋಗಿ ರೆಗ್ಯುಲೇಟರ್ ಆಫ್ ಮಾಡಿ. ಪೈಪಿನಲ್ಲಿ ಉಳಿದ ಗ್ಯಾಸ್ ಸುಟ್ಟು ಉರಿ ತಾನಾಗಿಯೇ ಆರುತ್ತದೆ. ಬಾಯಿಂದ ಊದಿ ಆರಿಸಬೇಡಿ. ಊದಿದರೆ ಉರಿ ಹೋಗುತ್ತದೆ, ಗ್ಯಾಸ್ ಮಾತ್ರ ಬರುತ್ತಲೇ ಇರುತ್ತದೆ. ಉರಿ ಆರಿದ ಮೇಲೆ ರೆಗ್ಯುಲೇಟರ್ ಬಿಚ್ಚಿ ಸಿಲಿಂಡರಿಗೆ ಮುಚ್ಚಳ ಹಾಕಿ.

ವಾಸನೆ ಬರುತ್ತಿದ್ದರೆ ಲೈಟು, ಫ್ಯಾನು, ಕೂಲರ್ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಆನ್ ಮಾಡುವುದಷ್ಟೇ ಅಲ್ಲ, ಆಫ್ ಮಾಡಿದರೂ ಕಿಡಿ ಹಾರುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ನೀರಿನ ಹಾಗೆ ಹರಡಿಕೊಳ್ಳುತ್ತದೆ. ಅದಕ್ಕೇ ಮೇಲಿನ ಕಿಟಕಿ ತೆರೆದರೆ ಸಾಲದು, ಬಾಗಿಲು ತೆರೆಯಬೇಕು. ದೇವರ ಮನೆಯ ದೀಪ ಅಡುಗೆಮನೆಯಲ್ಲೇ ಉರಿಯುವ ಮನೆಗಳು ನಮ್ಮ ಕಡೆ ಬಹಳ. ರಿಪೇರಿಗೆ ಕೈ ಹಾಕುವ ಮುಂಚೆಯೇ ಅದನ್ನು ಶಾಂತ ಮಾಡಿರಬೇಕು. ಸೋರಿಕೆ ನಿಲ್ಲದಿದ್ದರೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ 1906ಕ್ಕೆ ಕರೆ ಮಾಡಿ. ಇದು ಎಲ್‌ಪಿಜಿ ಸೋರಿಕೆಗೆಂದೇ ಇರುವ ತುರ್ತು ಸಂಖ್ಯೆ.

ನಾಬ್ ಹಿಂದೆ ಇರುವುದಾದರೂ ಏನು?

ಹಿತ್ತಾಳೆಯ ಪುಟ್ಟ ನಲ್ಲಿ. ಅಂಗಡಿಯಲ್ಲಿ ಇದನ್ನು ಕಾಕ್ ಎನ್ನುತ್ತಾರೆ. ಹೊರಗಿನ ಬಾಡಿಯೊಳಗೆ ಬುಗುರಿಯ ಹಾಗೆ ಒಂದು ತುದಿಗೆ ಸಣ್ಣಗಾಗುವ ಪ್ಲಗ್ ಕೂತಿರುತ್ತದೆ. ಪ್ಲಗ್ಗಿನಲ್ಲಿ ಒಂದು ದೊಡ್ಡ ತೂತು, ಸಿಮ್‌ಗಾಗಿ ಒಂದು ಸೂಜಿಮೊನೆಯಷ್ಟು ತೂತು. ಮೇಲೆ ಸ್ಪ್ರಿಂಗ್, ಅದರ ಮೇಲೆ ನಾಬ್ ಕೂರುವ ಸ್ಪಿಂಡಲ್, ಇವೆಲ್ಲವನ್ನೂ ಹಿಡಿದಿಡುವ ಪ್ಲೇಟು, ಎರಡು ಚಿಕ್ಕ ಸ್ಕ್ರೂ.

ಪ್ಲಗ್ಗಿಗೂ ಬಾಡಿಗೂ ನಡುವೆ ರಬ್ಬರ್ ವಾಷರ್ ಇರುವುದಿಲ್ಲ ಎಂಬುದನ್ನು ಮುಖ್ಯವಾಗಿ ನೆನಪಿಡಿ. ಅಲ್ಲಿರುವುದು ಕೂದಲೆಳೆಗಿಂತ ತೆಳ್ಳಗಿನ ಗ್ರೀಸ್ ಪದರ ಮಾತ್ರ. ಮನೆಯ ರೆಗ್ಯುಲೇಟರಿನಿಂದ ಬರುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಂ ಅಷ್ಟೇ ಆದ್ದರಿಂದ ಆ ಪದರ ಸಾಕಾಗುತ್ತದೆ. ಪ್ಲಗ್ ಜಾರುವುದೂ ಅದರಿಂದ, ಗ್ಯಾಸ್ ನಿಲ್ಲುವುದೂ ಅದರಿಂದ. ಗ್ರೀಸ್ ಒಣಗಿತೆಂದರೆ ನಾಬ್ ಬಿಗಿಯಾಗುತ್ತದೆ, ಜೊತೆಗೆ ಸೋರಿಕೆಯೂ ಹತ್ತಿರ ಬಂದಿದೆ ಎಂದು ತಿಳಿಯಬೇಕು. ಬಿಗಿ ನಾಬನ್ನು ಬರೀ ಕಿರಿಕಿರಿ ಎಂದುಕೊಂಡು ವರ್ಷಗಟ್ಟಲೆ ತಳ್ಳಬಾರದು ಎನ್ನುವುದು ಇದಕ್ಕೇ.

ನಮ್ಮ ಕಡೆ ಇದು ಬೇಗ ಕೆಡುತ್ತದಲ್ಲ, ಯಾಕೆ?

ಜೋಳದ ರೊಟ್ಟಿ ಮಾಡುವುದನ್ನು ಹತ್ತಿರದಿಂದ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಅಗಲ ಹಂಚು, ಪೂರ್ತಿ ಉರಿ, ಒಂದು ಕೂತರೆ ಇಪ್ಪತ್ತು ಮೂವತ್ತು ರೊಟ್ಟಿ. ಹಂಚಿಗೆ ಬಡಿದ ಶಾಖ ಕೆಳಗೆ ತಿರುಗಿ ಕಾಕ್ ಇರುವ ಕಡೆಯೇ ಬರುತ್ತದೆ. ಬಡಿಯುವಾಗ ಉದುರಿದ ಹಿಟ್ಟು, ರೊಟ್ಟಿಯ ಮೇಲೆ ನೀರು ಸವರುವ ಬಟ್ಟೆಯಿಂದ ತೊಟ್ಟಿಕ್ಕಿದ ಹನಿ, ಎರಡೂ ಸೇರಿ ನಾಬಿನ ಬುಡದಲ್ಲಿ ಅಂಟಾಗುತ್ತವೆ. ಶಾಖ ತಗುಲಿ ಅದು ಗಟ್ಟಿಯಾಗುತ್ತದೆ. ಉಕ್ಕಿದ ಹಾಲು, ಅನ್ನದ ಗಂಜಿಯದೂ ಇದೇ ಕೆಲಸ.

ಇನ್ನರ್ಧ ಉತ್ತರ ಧೂಳು. ಸಂಡೂರು, ತೋರಣಗಲ್ಲಿನ ಕೆಂಪು ಅದಿರಿನ ಧೂಳು, ಗಿಣಿಗೇರಾ ಸುತ್ತಿನ ಕಾರ್ಖಾನೆ ಮಸಿ, ಗಂಗಾವತಿ, ಸಿಂಧನೂರಿನ ಅಕ್ಕಿ ಮಿಲ್ಲುಗಳ ತೌಡಿನ ಪುಡಿ, ಇವು ಸ್ಪಿಂಡಲ್ ಸಂದಿಯಲ್ಲಿ ಇಳಿದು ಗ್ರೀಸಿಗೆ ಅಂಟುತ್ತವೆ. ಅದಿರಿನ ಧೂಳು ಸೇರಿದ ಗ್ರೀಸ್ ಎಂದರೆ ಸಾಣೆ ಪೇಸ್ಟು. ಪ್ರತಿ ಸಲ ನಾಬ್ ತಿರುಗಿಸಿದಾಗಲೂ ಮೆತ್ತನೆ ಹಿತ್ತಾಳೆಯನ್ನು ಗೀರುತ್ತದೆ.

ಕಾಕೇ ಕೆಟ್ಟಿದೆ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ರೆಗ್ಯುಲೇಟರ್ ಬಿಚ್ಚಿ, ಒಲೆ ತಣ್ಣಗಾದ ಮೇಲೆ ನಾಬನ್ನು ನೇರ ಹೊರಗೆ ಎಳೆಯಿರಿ. ಬಾರದಿದ್ದರೆ ಬುಡಕ್ಕೆ ತೆಳು ಬಟ್ಟೆ ಸುತ್ತಿ ಎರಡೂ ತುದಿ ಹಿಡಿದು ಸಮನಾಗಿ ಎಳೆಯಿರಿ. ಒಂದೇ ಕಡೆ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಸ್ಪಿಂಡಲ್ ಬಾಗುತ್ತದೆ.

ಈಗ ಸ್ಪಿಂಡಲ್ಲಿಗೆ ಬಟ್ಟೆ ಸುತ್ತಿ ಇಕ್ಕಳದಲ್ಲಿ ಹಗುರಾಗಿ ಹಿಡಿದು ಒತ್ತಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಕಾಕ್ ಚೆನ್ನಾಗಿದೆ, ದೋಷ ನಾಬಿನದು: ಒಂದೋ ಅದರ ಡಿ ಆಕಾರದ ತೂತು ಒಡೆದಿದೆ, ಇಲ್ಲವೇ ನಾಬಿನ ಹಿಂಬದಿ ಕೊಳೆಯಿಂದ ಪ್ಯಾನೆಲ್‌ಗೆ ಅಂಟಿದೆ. ಇಕ್ಕಳಕ್ಕೂ ಜಗ್ಗದಿದ್ದರೆ ಅಲ್ಲಿಗೆ ನಿಲ್ಲಿಸಿ, ಕಾಕ್ ಬಿಚ್ಚಲೇಬೇಕು.

ಮನೆಯಲ್ಲೇ ಬಿಚ್ಚಬಹುದೇ?

ಸ್ಕ್ರೂಡ್ರೈವರ್ ಹಿಡಿದು ರೂಢಿಯಿದ್ದು, ಸರಿಯಾದ ಗ್ರೀಸ್ ಕೈಯಲ್ಲಿದ್ದು, ಕೊನೆಯ ಸೋಪು ಪರೀಕ್ಷೆಯನ್ನು ಬಿಡದೆ ಮಾಡುವ ತಾಳ್ಮೆ ಇದ್ದರೆ ಮಾತ್ರ. ಇವುಗಳಲ್ಲಿ ಒಂದಿಲ್ಲದಿದ್ದರೂ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್‌ಗೆ ಹೇಳಿ. ಒಲೆ ಇನ್ನೂ ವಾರಂಟಿಯಲ್ಲಿದ್ದರೆ, ಮುಂಚೆಯೇ ವಾಸನೆ ಬರುತ್ತಿದ್ದರೆ, ಕಾಕ್ ಕೂರುವ ಮುಖ್ಯ ಪೈಪೇ ತುಕ್ಕು ಹಿಡಿದಿದ್ದರೆ ಕೈ ಹಾಕಲೇಬೇಡಿ. ಪೈಪು ಹೋದ ಹಳೇ ಒಲೆಗೆ ದುಡ್ಡು ಸುರಿಯುವುದಕ್ಕಿಂತ ಐಎಸ್‌ಐ ಗುರುತಿನ ಹೊಸ ಒಲೆ ತರುವುದೇ ಸರಿ ಎನ್ನುವುದು ನಮ್ಮ ಅಭಿಪ್ರಾಯ.

ಏನೇನು ಸಾಮಾನು ಬೇಕು?

ತುದಿ ಸವೆಯದ ಸ್ಕ್ರೂಡ್ರೈವರ್ (ಸ್ಟಾರ್, ಚಪ್ಪಟೆ ಎರಡೂ), ಜೆಟ್ (ಬರ್ನರಿಗೆ ಗ್ಯಾಸ್ ಚಿಮ್ಮಿಸುವ ಸಣ್ಣ ತೂತಿನ ಮೂತಿ) ಬಿಚ್ಚುವ ಸ್ಪ್ಯಾನರ್, ಹಳೇ ಹಲ್ಲುಜ್ಜುವ ಬ್ರಷ್ಷು, ಎಳೆ ಬಿಡದ ಹತ್ತಿ ಬಟ್ಟೆ, ಅರ್ಧ ಲೋಟ ಸೀಮೆಎಣ್ಣೆ, ಗ್ಯಾಸ್ ಕಾಕ್ ಗ್ರೀಸಿನ ಚಿಕ್ಕ ಟ್ಯೂಬು ಅಥವಾ ಡಬ್ಬಿ, ಪಾತ್ರೆ ತೊಳೆಯುವ ಲಿಕ್ವಿಡ್. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗದು. ಬಣ್ಣದ ಅಂಗಡಿಯ ಟರ್ಪೆಂಟೈನ್ ನಡೆಯುತ್ತದೆ. ಪೆಟ್ರೋಲ್ ಬೇಡ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದರ ಆವಿ ಕೋಣೆ ತುಂಬಲು ಹೊತ್ತು ಬೇಕಿಲ್ಲ.

ಬಿಚ್ಚುವ ಕ್ರಮ ಹೇಳಿ.

ರೆಗ್ಯುಲೇಟರ್ ಆಫ್ ಮಾಡಿ, ಸರಿಯಿರುವ ಇನ್ನೊಂದು ಬರ್ನರ್ ಹಚ್ಚಿ ಪೈಪಿನ ಗ್ಯಾಸ್ ಸುಟ್ಟುಹೋಗಲು ಬಿಡಿ. ಸಿಲಿಂಡರಿಗೆ ಮುಚ್ಚಳ ಹಾಕಿ ಅಂಗಳಕ್ಕೆ ಸರಿಸಿ. ಒಲೆ ಅರ್ಧ ಗಂಟೆ ಆರಲಿ. ಬರ್ನರ್, ಸ್ಟ್ಯಾಂಡ್, ಟ್ರೇ ತೆಗೆದು ಒಲೆಯನ್ನು ದಪ್ಪ ಬಟ್ಟೆಯ ಮೇಲೆ ಬೋರಲು ಹಾಕಿ. ಗಾಜಿನ ಒಲೆಯಾದರೆ ಗಾಜಿನ ಅಂಚಿಗೆ ಭಾರ ಬೀಳದಂತೆ ನೋಡಿಕೊಳ್ಳಿ. ಆಟೋ ಇಗ್ನಿಷನ್ ಇದ್ದರೆ ಬ್ಯಾಟರಿ ತೆಗೆದು, ವೈರುಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ.

ಕಾಕಿನ ಮುಂಭಾಗದ ಪ್ಲೇಟಿಗೆ ಎರಡು ಸ್ಕ್ರೂ ಇವೆ. ಹೆಚ್ಚಿನವರು ಸೋಲುವುದು ಇಲ್ಲೇ. ತುಕ್ಕು ಹಿಡಿದ ಸ್ಕ್ರೂಗೆ ಒಂದು ತೊಟ್ಟು ಸೀಮೆಎಣ್ಣೆ ಬಿಟ್ಟು ಹದಿನೈದು ನಿಮಿಷ ಕಾಯಿರಿ. ಆಮೇಲೆ ಸ್ಕ್ರೂಡ್ರೈವರನ್ನು ಬಲವಾಗಿ ಒತ್ತಿ ಹಿಡಿದು ಮೊದಲು ಕೂದಲಷ್ಟು ಬಿಗಿಯುವ ಕಡೆಗೆ, ನಂತರ ಬಿಚ್ಚುವ ಕಡೆಗೆ ತಿರುಗಿಸಿ. ಒತ್ತಡವಿಲ್ಲದೆ ತಿರುಗಿಸಿದರೆ ತಲೆ ಕಿತ್ತುಹೋಗುತ್ತದೆ, ಆಮೇಲೆ ಕಾಕನ್ನೇ ಬದಲಿಸಬೇಕು. ಎರಡನೇ ಸ್ಕ್ರೂ ಬಿಚ್ಚುವಾಗ ಪ್ಲೇಟನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಸ್ಪ್ರಿಂಗ್ ಹಾರಿ ಎಲ್ಲೋ ಬೀಳುತ್ತದೆ.

ಪ್ಲಗ್ ಹೊರಗೆ ಬರದೆ ಕಚ್ಚಿಕೊಂಡಿದ್ದರೆ ಹೇರ್ ಡ್ರೈಯರ್ ಬಿಸಿಗಾಳಿಯನ್ನು ಬಾಡಿಯ ಮೇಲೆ ನಾಲ್ಕೈದು ನಿಮಿಷ ಬಿಡಿ. ಡ್ರೈಯರ್ ಇಲ್ಲವೇ, ಬಿಸಿನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆ ಸುತ್ತಿ. ಒಣ ಗ್ರೀಸ್ ಮೆತ್ತಗಾಗಿ ಪ್ಲಗ್ ಸಡಿಲುತ್ತದೆ. ಬೆಂಕಿ ತೋರಿಸಬೇಡಿ, ಸುತ್ತಿಗೆಯಿಂದ ಬಡಿಯಬೇಡಿ.

ಒಂದು ಸಲಕ್ಕೆ ಒಂದೇ ಕಾಕ್ ಬಿಚ್ಚಿ. ಎರಡನ್ನೂ ಒಟ್ಟಿಗೆ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದರೆ ಯಾವ ಪ್ಲಗ್ ಯಾವ ಬಾಡಿಯದು ಎಂದು ಗೊತ್ತಾಗುವುದಿಲ್ಲ. ಪ್ರತಿ ಪ್ಲಗ್ಗೂ ಅದರದೇ ಬಾಡಿಯಲ್ಲಿ ಮಸೆದು ಕೂರಿಸಿದ್ದು. ಅದಲು ಬದಲಾದರೆ ನೋಡಲು ಕೂತಂತೆ ಕಂಡರೂ ಗ್ಯಾಸ್ ಹಾದುಹೋಗುತ್ತದೆ.

ಪ್ಲಗ್ಗಿಗೆ ಮೆತ್ತಿದ ಕಂದು ಬಣ್ಣದ್ದು ಹೋಗುತ್ತಿಲ್ಲ. ಉಜ್ಜಬಹುದೇ?

ಅದು ಬೆಂದು ಗಟ್ಟಿಯಾದ ಹಳೇ ಗ್ರೀಸ್. ಹತ್ತು ನಿಮಿಷ ಸೀಮೆಎಣ್ಣೆಯಲ್ಲಿ ನೆನೆಸಿ ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯಲ್ಲಿ ಒರೆಸಿ. ಹೋಗದಿದ್ದರೆ ಮತ್ತೆ ನೆನೆಸಿ. ಬಾಡಿಯ ಒಳಭಾಗಕ್ಕೆ ಬೆಂಕಿಕಡ್ಡಿಗೆ ಬಟ್ಟೆ ಸುತ್ತಿಕೊಂಡರೆ ಸರಿಹೋಗುತ್ತದೆ. ಉಪ್ಪುಕಾಗದ, ಸ್ಟೀಲ್ ಜುಂಗು, ಚಾಕು ಯಾವುದೂ ಬೇಡ.

ಹಿತ್ತಾಳೆ ಎಂದ ಕೂಡಲೇ ಹುಣಸೆಹಣ್ಣಿನ ನೆನಪಾಗುವುದು ಸಹಜ. ಬಿಂದಿಗೆ, ಸಮೆಗೆ ಅದು ಸೊಗಸು. ಕಾಕಿಗೆ ಅಲ್ಲ. ಹುಳಿ ಹಿತ್ತಾಳೆಯ ಮೇಲ್ಮೈಯನ್ನು ತಿನ್ನುತ್ತದೆ, ಕೂದಲೆಳೆ ಅಳತೆಯಲ್ಲಿ ಕೂರಬೇಕಾದ ಜಾಗ ಒರಟಾಗುತ್ತದೆ.

ಪ್ಲಗ್ ಮುಂದೆ ಬಾಳುತ್ತದೋ ಇಲ್ಲವೋ ತಿಳಿಯುವುದು ಹೇಗೆ?

ಚೆನ್ನಾಗಿ ಒರೆಸಿ ಬಿಸಿಲಿಗೆ ಹಿಡಿದು ನೋಡಿ, ಉಗುರನ್ನು ಅದರ ಮೇಲೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಗೀರು ಆಳವಾಗಿದೆ. ಗೀರು ಯಾವ ದಿಕ್ಕಿಗಿದೆ ಎನ್ನುವುದೂ ಮುಖ್ಯ. ಬಳೆಯ ಹಾಗೆ ಸುತ್ತಲೂ ಓಡಿ ತೂತಿಗೆ ಸೇರುವ ಗೀರಿದ್ದರೆ, ನಾಬ್ ಆಫ್ ಇದ್ದಾಗಲೂ ಗ್ಯಾಸ್ ಅದೇ ಕಾಲುವೆಯಲ್ಲಿ ಹರಿದು ಬರ್ನರ್ ತಲುಪುತ್ತದೆ. ಉದ್ದುದ್ದಕ್ಕೆ ಇದ್ದರೆ ಸ್ಪಿಂಡಲ್ ಕಡೆಯಿಂದ ನಾಬಿನ ಹಿಂದೆ ಸೋರುತ್ತದೆ.

ಗ್ರೀಸ್ ಇಲ್ಲದೆ ಪ್ಲಗ್ಗನ್ನು ಬಾಡಿಯಲ್ಲಿಟ್ಟು ಹಗುರಾಗಿ ಎರಡು ಸಲ ತಿರುಗಿಸಿ ತೆಗೆಯಿರಿ. ಮಿರುಗುವ ಗುರುತು ಮೇಲಿನಿಂದ ಕೆಳಗಿನವರೆಗೆ ಸಮನಾಗಿದ್ದರೆ ಒಳ್ಳೆಯದು. ಒಂದೇ ಕಡೆ ಮಿರುಗಿ ಉಳಿದಲ್ಲಿ ಮಂಕಾಗಿದ್ದರೆ ಸವೆದಿದೆ. ಆಳವಾದ ಗೀರು, ಏಕಪಕ್ಷದ ಸವೆತ, ಬಾಗಿದ ಸ್ಪಿಂಡಲ್, ಬಿರುಕು ಬಿಟ್ಟ ಬಾಡಿ, ಒತ್ತದೆಯೇ ತಿರುಗುವಷ್ಟು ಸವೆದ ಲಾಕ್: ಇವುಗಳಲ್ಲಿ ಯಾವುದಿದ್ದರೂ ಹೊಸ ಕಾಕ್. ಗೀರನ್ನು ದಪ್ಪ ಗ್ರೀಸಿನಿಂದ ಮುಚ್ಚಿಕೊಟ್ಟರೆ ಕೆಲವು ವಾರ ನಡೆಯುತ್ತದೆ. ಅದಕ್ಕೆ ರಿಪೇರಿ ಎಂದು ಹೆಸರಿಡಬಾರದು.

ಯಾವ ಗ್ರೀಸ್? ಎಷ್ಟು?

ಗ್ಯಾಸ್ ಕಾಕ್ ಗ್ರೀಸ್ ಎಂದೇ ಕೇಳಿ ತನ್ನಿ, ಸ್ಟೋವ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಗ್ಯಾರೇಜಿನಲ್ಲಿ ಸಿಗುವ ಬೇರಿಂಗ್ ಗ್ರೀಸ್, ಚಾಸಿ ಗ್ರೀಸ್ ಬೇಡ. ಅಡುಗೆ ಅನಿಲ ಪೆಟ್ರೋಲಿಯಂ ಕುಲದ್ದು, ಆ ಗ್ರೀಸೂ ಅದೇ ಕುಲದ್ದು. ಗ್ಯಾಸ್ ಅದನ್ನು ಮೆಲ್ಲಗೆ ಕರಗಿಸಿ ಒಯ್ಯುತ್ತದೆ, ಉಳಿದದ್ದು ಶಾಖಕ್ಕೆ ಗಟ್ಟಿಯಾಗುತ್ತದೆ.

ಅರ್ಧ ತೊಗರಿಬೇಳೆಯಷ್ಟು ಸಾಕು. ಬೆರಳ ತುದಿಯಲ್ಲಿ ತೆಗೆದು ತೂತಿನ ಮೇಲಕ್ಕೂ ಕೆಳಕ್ಕೂ ತೆಳ್ಳಗೆ ಸವರಿ, ಹಿತ್ತಾಳೆಯ ಬಣ್ಣ ಮಸುಕಾಗಿ ಕಾಣಬೇಕು. ಪ್ಲಗ್ ಕೂರಿಸಿ ಹತ್ತು ಹನ್ನೆರಡು ಸಲ ಅತ್ತಿತ್ತ ತಿರುಗಿಸಿ. ಮತ್ತೆ ಹೊರತೆಗೆದು ತೂತುಗಳಲ್ಲಿ ಸೇರಿದ ಗ್ರೀಸನ್ನು ಕಡ್ಡಿಯಿಂದ ತೆಗೆದು ಒರೆಸಿ, ಆಮೇಲೆ ಕೊನೆಯ ಸಲ ಕೂರಿಸಿ. ಬಹಳ ಜನ ಬಿಡುವ ಹೆಜ್ಜೆ ಇದೇ, ಒಲೆ ಮರುದಿನ ವಾಪಸ್ ಬರುವುದೂ ಇದರಿಂದಲೇ. ಪ್ಲೇಟಿನ ಎರಡೂ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ, ಸರದಿಯಲ್ಲಿ ಬಿಗಿಯಿರಿ.

ಬಿಚ್ಚದೆಯೇ ಕೊಬ್ಬರಿ ಎಣ್ಣೆ ಬಿಟ್ಟರೆ ಆಗುವುದಿಲ್ಲವೇ?

ಆಗುತ್ತದೆ, ಒಂದು ವಾರದ ಮಟ್ಟಿಗೆ. ಕೊಬ್ಬರಿ ಎಣ್ಣೆ, ಹೊಲಿಗೆ ಮಷಿನ್ನಿನ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಎಲ್ಲವೂ ಉಳಿದಿರುವ ಒಳ್ಳೆಯ ಗ್ರೀಸನ್ನೂ ತೊಳೆದು ಹಾಕುತ್ತವೆ. ನಾಬ್ ಬೆಣ್ಣೆಯ ಹಾಗೆ ತಿರುಗುತ್ತದೆ, ಗ್ಯಾಸ್ ತಡೆಯುವ ಪದರ ಮಾತ್ರ ಇರುವುದಿಲ್ಲ. ಅಡುಗೆ ಎಣ್ಣೆಯಂತೂ ಶಾಖಕ್ಕೆ ಬೆಂದು ವಾರ್ನಿಷ್ ಆಗಿ ಮೊದಲಿಗಿಂತ ಬಿಗಿಯಾಗಿ ಹಿಡಿಯುತ್ತದೆ.

ಸೋರಿಕೆ ಪರೀಕ್ಷೆ ಸರಿಯಾಗಿ ಮಾಡುವುದು ಹೇಗೆ?

ಒಂದು ಚಹಾ ಕಪ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ. ರೆಗ್ಯುಲೇಟರ್ ಹಾಕಿ ಆನ್ ಮಾಡಿ, ನಾಬ್‌ಗಳೆಲ್ಲ ಆಫ್ ಇರಲಿ. ಬ್ರಷ್ಷಿನಿಂದ ಸ್ಪಿಂಡಲ್ ಸುತ್ತ, ಪ್ಲೇಟಿನ ಅಂಚಿಗೆ, ಕಾಕ್ ಮುಖ್ಯ ಪೈಪಿಗೆ ಸೇರುವ ಕಡೆ, ರಬ್ಬರ್ ಪೈಪಿನ ಎರಡೂ ತುದಿಗೆ ಸವರಿ, ಒಂದೊಂದು ಕಡೆಯೂ ಪೂರ್ತಿ ಒಂದು ನಿಮಿಷ ನೋಡಿ. ಸಣ್ಣ ಸೋರಿಕೆಯ ಗುಳ್ಳೆ ಸಾಸಿವೆಯಷ್ಟು ಇದ್ದು ನಿಧಾನಕ್ಕೆ ಬೆಳೆಯುತ್ತದೆ.

ಇನ್ನೊಂದು ಪರೀಕ್ಷೆಯನ್ನು ಎಲ್ಲರೂ ಮರೆಯುತ್ತಾರೆ. ನಾಬ್ ಆಫ್ ಇರುವಾಗಲೇ ಜೆಟ್ಟಿನ ಬಾಯಿಗೆ ಸೋಪಿನ ಪೊರೆ ಕಟ್ಟಿಸಿ. ಪೊರೆ ಉಬ್ಬಿದರೆ ಕಾಕ್ ಒಳಗಿಂದ ಗ್ಯಾಸ್ ಬಿಡುತ್ತಿದೆ ಎಂದರ್ಥ. ನೋಡಿದ ಮೇಲೆ ಜೆಟ್ಟನ್ನು ಒರೆಸಿ ಒಣಗಿಸಿ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವವರು ಇನ್ನೂ ಇದ್ದಾರೆ. ಅಂಥವರ ಕೈಗೆ ಒಲೆ ಕೊಡಬೇಡಿ.

ಗ್ರೀಸ್ ಹಾಕಿದ ಮೇಲೆ ಸಿಮ್ ನಿಲ್ಲುತ್ತಿಲ್ಲ, ಉರಿ ಆರುತ್ತದೆ. ಯಾಕೆ?

ಸಿಮ್ ತೂತಿಗೆ ಗ್ರೀಸ್ ತುಂಬಿದೆ. ಮತ್ತೆ ಬಿಚ್ಚಿ ತೆಗೆಯಬೇಕು. ದೊಡ್ಡ ಉರಿಯೂ ಸಣ್ಣದಾಗಿದ್ದರೆ ಗ್ರೀಸ್ ಜೆಟ್ಟಿಗೆ ಹೋಗಿದೆ: ಜೆಟ್ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿ ಹಿಂದಿನಿಂದ ಗಾಳಿ ಊದಿ. ಪಿನ್ನು, ಸೂಜಿ ಚುಚ್ಚಿದರೆ ತೂತು ದೊಡ್ಡದಾಗುತ್ತದೆ, ಆಮೇಲೆ ಉರಿ ಹಳದಿಯಾಗಿ ಪಾತ್ರೆ ತಳ ಮಸಿ ಹಿಡಿಯುತ್ತದೆ. ನಾಬ್ ಆಫ್ ಗುರುತಿನಲ್ಲಿದ್ದರೂ ಗ್ಯಾಸ್ ಬರುತ್ತಿದ್ದರೆ ಪ್ಲಗ್ ಉಲ್ಟಾ ಕೂತಿದೆ, ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಕೂರಿಸಿ.

ಹೊಸ ಕಾಕ್ ತರುವಾಗ ಏನು ನೋಡಬೇಕು?

ಹಳೇ ಕಾಕನ್ನು ಜೇಬಿನಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ. ಕಂಪನಿ ಹೆಸರು ಹೇಳಿದರೆ ಸಾಲದು, ಒಂದೇ ಕಂಪನಿಯ ಎರಡು ಮಾಡೆಲ್‌ಗಳಿಗೆ ಬೇರೆ ಬೇರೆ ಕಾಕ್ ಇರುತ್ತದೆ. ಪೈಪಿಗೆ ಕೂರುವ ಚೂಡಿ (ತಿರುಪಿನ ಗೆರೆ) ಅಥವಾ ಕ್ಲ್ಯಾಂಪ್, ಸ್ಪಿಂಡಲ್ ಉದ್ದ, ಅದರ ಚಪ್ಪಟೆ ಮುಖ ಇರುವ ದಿಕ್ಕು, ಜೆಟ್ ಕೂರುವ ಚೂಡಿ, ಬಾಡಿಯ ಬಾಗು, ಇಷ್ಟೂ ತಾಳೆಯಾಗಬೇಕು. ಚಪ್ಪಟೆ ಮುಖದ ದಿಕ್ಕು ತಪ್ಪಿದರೆ ನಾಬಿನ ಆಫ್ ಗುರುತು ಸುಳ್ಳು ಹೇಳುತ್ತದೆ, ಮನೆಯ ಹಿರಿಯರಿಗೂ ಮಕ್ಕಳಿಗೂ ಅದು ಅಪಾಯ.

ಹಳೇ ಜೆಟ್ ಚೆನ್ನಾಗಿದ್ದರೆ ಅದನ್ನೇ ಹೊಸ ಕಾಕಿಗೆ ಹಾಕಿ. ದೊಡ್ಡ ಬರ್ನರಿನ ಜೆಟ್ಟು ಚಿಕ್ಕದಕ್ಕೆ ಹೋಗದಿರಲಿ. ಪೈಪ್ ಗ್ಯಾಸಿನ ಒಲೆಯ ಜೆಟ್ಟಿನ ತೂತು ಇನ್ನೂ ದೊಡ್ಡದು, ಸಿಲಿಂಡರ್ ಒಲೆಗೆ ಅದು ಸಲ್ಲದು. ಕಾಕ್ ಮತ್ತು ಪೈಪಿನ ನಡುವಿನ ವಾಷರ್ ಹೊಸದೇ ಇರಲಿ, ಒಮ್ಮೆ ಅದುಮಿದ ವಾಷರ್ ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಜೆಟ್ಟಿನ ಚೂಡಿಗೆ ನಲ್ಲಿ ರಿಪೇರಿಯ ಬಿಳಿ ಟೇಪು ಸುತ್ತಬೇಡಿ, ಅದರ ಚೂರು ಹರಿದು ಜೆಟ್ಟಿನಲ್ಲೇ ಸಿಕ್ಕಿಕೊಳ್ಳುತ್ತದೆ. ಜೆಟ್ಟು, ಗ್ಯಾಸಿಗೆ ಗಾಳಿ ಬೆರೆಯುವ ಮಿಕ್ಸಿಂಗ್ ಟ್ಯೂಬಿನ ನಟ್ಟನಡುವೆ ನೇರ ನೋಡುತ್ತಿರಬೇಕು. ಓರೆಯಾದರೆ ಉರಿ ಒಂದು ಕಡೆ ವಾಲುತ್ತದೆ.

ಮಿರ್ಚಿ ಬಂಡಿಯ ಭಟ್ಟಿಗೂ ಇದೇ ರಿಪೇರಿಯೇ?

ಅಲ್ಲ. ಭಟ್ಟಿಯ ಒತ್ತಡ ಮನೆ ಒಲೆಯ ಹಲವು ಪಟ್ಟು. ಅಲ್ಲಿ ಹೆಚ್ಚಾಗಿ ಇರುವುದು ಸೂಜಿ ವಾಲ್ವ್: ಚೂಡಿಯಿರುವ ಸ್ಪಿಂಡಲ್ ಮುಂದೆ ಹೋಗಿ ಅದರ ಮೊನೆ ಸೀಟಿಗೆ ಕೂತು ಗ್ಯಾಸ್ ನಿಲ್ಲಿಸುತ್ತದೆ. ಕಡಲೆಹಿಟ್ಟು, ಹಾರಿದ ಎಣ್ಣೆ, ರಸ್ತೆ ಧೂಳು ಚೂಡಿಗೆ ಮೆತ್ತಿ ಹಿಡಿಯುತ್ತದೆ. ಬಿಗಿಯಾಯಿತೆಂದು ಇನ್ನಷ್ಟು ಜೋರಾಗಿ ತಿರುಗಿಸಿ ಮುಚ್ಚಿದರೆ ಮೊನೆಯ ಸುತ್ತ ಬಳೆಯಂತೆ ಗುಳಿ ಬೀಳುತ್ತದೆ. ಗುಳಿ ಬಿದ್ದ ಮೇಲೆ ಎಷ್ಟು ಬಿಗಿದರೂ ಗ್ಯಾಸ್ ನಿಲ್ಲದು, ಪೂರ್ತಿ ವಾಲ್ವ್ ಬದಲಿಸಬೇಕು. ಮುಚ್ಚುವಾಗ ಬೆರಳ ಬಲ ಸಾಕು.

ಸ್ಪಿಂಡಲ್ ಬುಡದಲ್ಲಿ ಸೋಪಿನ ಗುಳ್ಳೆ ಕಂಡರೆ ಅಲ್ಲಿನ ಪ್ಯಾಕಿಂಗನ್ನು ಅದುಮಿ ಹಿಡಿಯುವ ಗ್ಲ್ಯಾಂಡ್ ನಟ್ಟನ್ನು ಒಂದು ಸುತ್ತಿನ ಎಂಟನೇ ಒಂದು ಭಾಗ ಬಿಗಿದು ಮತ್ತೆ ನೋಡಿ. ಎರಡು ಸಲಕ್ಕೂ ನಿಲ್ಲದಿದ್ದರೆ ಒಳಗಿನ ಪ್ಯಾಕಿಂಗ್ ಹೋಗಿದೆ. ಮನೆಯ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಭಟ್ಟಿಗೆ ಹಾಕಬೇಡಿ, ಹೈ ಪ್ರೆಷರ್ ಪೈಪೇ ಬೇಕು. ವ್ಯಾಪಾರಕ್ಕೆ 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರ್. ಮನೆಯ 14.2 ಕೆ.ಜಿ. ಸಿಲಿಂಡರ್ ಬಳಸುವುದು ಕಾನೂನಿಗೂ ವಿರುದ್ಧ. ಕೊಪ್ಪಳದ ಗವಿಮಠದ ಜಾತ್ರೆ, ಹುಲಿಗಿಯ ಜಾತ್ರೆ ಎಂದರೆ ಭಟ್ಟಿ ಬೆಳಗಿನಿಂದ ರಾತ್ರಿವರೆಗೆ ಆರುವುದೇ ಇಲ್ಲ. ಜಾತ್ರೆಗೆ ವಾರ ಮುಂಚೆ ವಾಲ್ವ್ ಬಿಚ್ಚಿಸಿ ನೋಡಿಸಿ, ಜನಸಂದಣಿಯ ನಡುವೆ ಬಿಗಿದ ವಾಲ್ವ್ ಬಹಳ ಕೆಟ್ಟದ್ದು.

ರೆಗ್ಯುಲೇಟರಿನ ನಾಬೇ ಬಿಗಿಯಾಗಿದ್ದರೆ?

ಬಿಚ್ಚಬೇಡಿ, ಗ್ರೀಸೂ ಬೇಡ. ಏಜೆನ್ಸಿಯಲ್ಲಿ ಬದಲಾಯಿಸಿಕೊಳ್ಳಿ.

ಬಾರ್ಬೆಕ್ಯೂ ಗ್ರಿಲ್‌ನ ವಾಲ್ವ್ ಹೀಗೇ ಇರುತ್ತದೆಯೇ?

ಹೆಚ್ಚೂಕಡಿಮೆ ಹೀಗೇ, ಮೊನಚಾದ ಪ್ಲಗ್ಗಿನದು. ಆದರೆ ಹಲವು ಗ್ರಿಲ್‌ಗಳಲ್ಲಿ ವಾಲ್ವನ್ನು ಬಿಚ್ಚಿ ಗ್ರೀಸ್ ಹಾಕಲು ಮಾಡಿರುವುದಿಲ್ಲ, ಒಟ್ಟಾಗಿಯೇ ಬದಲಿಸಬೇಕು. ತಿಂಗಳುಗಟ್ಟಲೆ ಹೊರಗೆ ನಿಂತಿದ್ದರೆ ಬರ್ನರ್ ಟ್ಯೂಬಿನೊಳಗೆ ಜೇಡ ಬಲೆ ಕಟ್ಟಿರುತ್ತದೆ. ವಾಲ್ವಿನ ಮೇಲೆ ಗುಮಾನಿ ಪಡುವ ಮೊದಲು ಅಲ್ಲಿ ಇಣುಕಿ ನೋಡಿ.

ಎಷ್ಟು ವರ್ಷಕ್ಕೊಮ್ಮೆ ಗ್ರೀಸ್ ಹಾಕಿಸಬೇಕು?

ದಿನವೂ ರೊಟ್ಟಿ ಬಡಿಯುವ ಮನೆಯಲ್ಲಿ ಎರಡು ವರ್ಷಕ್ಕೊಮ್ಮೆ ಹಾಕಿಸುವುದು ಒಳ್ಳೆಯದು. ಅದಿರಿನ ಧೂಳಿನ ಊರುಗಳಲ್ಲಿ ವರ್ಷಕ್ಕೊಮ್ಮೆ. ನಾಬ್ ಮೊದಲಿಗಿಂತ ಸ್ವಲ್ಪ ಬಿಗಿ ಎನಿಸಿದ ದಿನವೇ ಸರಿಯಾದ ದಿನ. ನಾಬನ್ನು ವಾರಕ್ಕೊಮ್ಮೆ ಕಿತ್ತು ಬುಡವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಹಾಕಿ. ಒಲೆಯ ಮೇಲೆ ತಂಬಿಗೆಗಟ್ಟಲೆ ನೀರು ಸುರಿದು ತೊಳೆಯುವ ಅಭ್ಯಾಸ ಬಿಡಿ, ಆ ನೀರು ನೇರ ಸ್ಪಿಂಡಲ್ ಸಂದಿಗೆ ಇಳಿಯುತ್ತದೆ. ಬಿಚ್ಚಿದಾಗಲೇ ರಬ್ಬರ್ ಪೈಪಿನ ಮೇಲಿನ ತಾರೀಖನ್ನೂ ನೋಡಿಬಿಡಿ. ಸುರಕ್ಷಾ ಪೈಪಿಗೆ 5 ವರ್ಷ ಆಯಸ್ಸು.

ತೆಗೆದ ಹಳೇ ಕಾಕ್ ಎಸೆಯಬೇಕೇ?

ಸ್ಪ್ರಿಂಗ್, ಪ್ಲೇಟಿನ ಸ್ಕ್ರೂ ಚೆನ್ನಾಗಿದ್ದರೆ ತೆಗೆದು ಒಂದು ಡಬ್ಬಿಯಲ್ಲಿಡಿ, ಬಿಡಿಯಾಗಿ ಹುಡುಕಿದರೆ ಇವು ಸಿಗುವುದು ಕಷ್ಟ. ಪ್ಲಗ್ಗನ್ನು ಬೇರೆ ಒಲೆಗೆ ಹಾಕಬೇಡಿ. ಉಳಿದದ್ದು ಹಿತ್ತಾಳೆ, ಗುಜರಿಯವನು ತೂಕಕ್ಕೆ ಕೊಳ್ಳುತ್ತಾನೆ.